ಮೂರು ಪುಸ್ತಕ, ಮೂರು ಲೆಕ್ಕ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮ್ಮ ಮಕ್ಕಳಿಗೆ ಕೈಯಲ್ಲಿ ದೀಪ ಹಿಡಿದ ಹೆಂಗಸು. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತೆಂದು ನಾನು ನೋಡಿದ ಯಾವ ಪಾಠದ ಚಿತ್ರವೂ ಹೇಳುವುದಿಲ್ಲ.

1854ರ ನವೆಂಬರಿನಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು ಆಕೆ 38 ದಾದಿಯರೊಡನೆ ಟರ್ಕಿಯ ಸ್ಕುಟಾರಿಗೆ ಬಂದರು. ಅಲ್ಲಿನ ಬ್ರಿಟಿಷ್ ಸೈನಿಕ ಆಸ್ಪತ್ರೆಯ ಕೊಳಕಿನ ಕಥೆ ಎಲ್ಲರಿಗೂ ಗೊತ್ತು. ಕಾಗದಪತ್ರಗಳ ಸ್ಥಿತಿಯೂ ಹಾಗೆಯೇ ಇತ್ತು. ಸಾವುಗಳನ್ನು ಬರೆಯಲು ಮೂರು ಪುಸ್ತಕಗಳು. ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಮಣ್ಣಾದ ಎಷ್ಟೋ ಜನರ ಹೆಸರು ಯಾವುದರಲ್ಲೂ ಇರಲಿಲ್ಲ. ಮನೆಯಲ್ಲಿ ಹಾಲಿನ ಲೆಕ್ಕ ತಪ್ಪಿದರೆ ತಿಂಗಳ ಕೊನೆಗೆ ಒಂದು ಜಗಳ, ಅಷ್ಟೆ. ಆದರೆ ಗುಂಡೇಟಿನಿಂದ ಸತ್ತವರೆಷ್ಟು, ಭೇದಿ ಜ್ವರಗಳಿಂದ ಸತ್ತವರೆಷ್ಟು ಎಂದೇ ತಿಳಿಯದಿದ್ದರೆ ಚರಂಡಿ ಸರಿಮಾಡಿ ಎಂದು ಸರಕಾರವನ್ನು ಯಾವ ಬಾಯಲ್ಲಿ ಕೇಳುವುದು?

ಯುದ್ಧ ಮುಗಿದ ಮೇಲೆ ಆಕೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕುಳಿತು ಲೆಕ್ಕಗಳನ್ನು ಜಾಲಾಡಿದರು. ಗಾಯಕ್ಕಿಂತ, ತಡೆಯಬಹುದಾಗಿದ್ದ ರೋಗಗಳಿಗೆ ಬಲಿಯಾದವರೇ ಹೆಚ್ಚೆಂದು ಬಯಲಾಯಿತು. ಫಾರ್ ಅವರಿಗಂತೂ ಈ ತಲೆನೋವು ಹಳೆಯದು. ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರು, ಒಂದೇ ಹೆಸರಿಗೆ ಹಲವು ರೋಗ ಎಂದು ಅವರು 1839ರಲ್ಲೇ ದೂರಿದ್ದರು. 1860ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದೆ ನೈಟಿಂಗೇಲ್ ಎಲ್ಲ ಆಸ್ಪತ್ರೆಗಳಿಗೂ ಒಂದೇ ಬಗೆಯ ನಮೂನೆಗಳನ್ನು ಇಟ್ಟರು. ಸಮ್ಮೇಳನ ಒಪ್ಪಿತು, ಲಂಡನ್ನಿನ ಕೆಲವು ಆಸ್ಪತ್ರೆಗಳು ತುಂಬಿಯೂ ನೋಡಿದವು, ಆದರೆ ಬಹುಕಾಲ ನಡೆಯಲಿಲ್ಲ. ನಮೂನೆ ತುಂಬುವ ಕಷ್ಟ ಎಂಥದೆಂದು ಜನಗಣತಿಗೆ ಹೋಗಿಬಂದ ಯಾವ ಟೀಚರನ್ನಾದರೂ ಕೇಳಿ!

ಹೆಸರುಗಳ ಗೊಂದಲಕ್ಕೆ 1893ರಲ್ಲಿ ಜಾಕ್ ಬರ್ಟಿಲ್ಯೋನ್ ಸಾವಿನ ಕಾರಣಗಳ ಪಟ್ಟಿಯೊಂದನ್ನು ಕೊಟ್ಟರು. ಈಗ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ರೋಗಕ್ಕೆ ಹಾಕುವ ಸಂಕೇತಗಳು ಅದರ ಮೊಮ್ಮಕ್ಕಳೇ.

ಕಂಪ್ಯೂಟರಿನಿಂದ ಕೆಲವು ತಪ್ಪುಗಳು ತಗ್ಗಿವೆ, ಸುಳ್ಳಲ್ಲ. ಫೆಬ್ರವರಿ 31 ಎಂದು ಒತ್ತಿದರೆ ಒಳ್ಳೆಯ ತಂತ್ರಾಂಶ ಒಪ್ಪುವುದಿಲ್ಲ. 52ನ್ನು 25 ಎಂದು ಒತ್ತಿದರೆ ಮಾತ್ರ ಅದಕ್ಕೆ ಅನುಮಾನವೇ ಬರುವುದಿಲ್ಲ. ನಮ್ಮ ಕಡೆ ಕೌಂಟರಿನಲ್ಲಿ ವಯಸ್ಸು ಕೇಳುವುದು ಹೆಂಗಸನ್ನು, ಹೇಳುವುದು ಗಂಡ: "ನಲವತ್ತು ಅಂತ ಬರ್ಕೊಳ್ಳಿ ಸಾರ್." ತವರಿನಲ್ಲಿ ಗೌರಿಯಾಗಿದ್ದು ಅತ್ತೆಮನೆಯಲ್ಲಿ ಸಾವಿತ್ರಿಯಾದವಳಿಗೆ ಎರಡು ದಾಖಲೆಗಳಾಗುತ್ತವೆ. ಪೆನಿಸಿಲಿನ್ ಚುಚ್ಚಿದಾಗ ಮೈಯೆಲ್ಲ ದದ್ದು ಎದ್ದಿತ್ತೆಂದು ಗೌರಿಯ ಹಾಳೆಯಲ್ಲಿದೆ; ಡಾಕ್ಟರ ಮುಂದೆ ತೆರೆದಿರುವುದು ಸಾವಿತ್ರಿಯದು. 2021ರಲ್ಲಿ ದೇಶಕ್ಕೆಲ್ಲ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆರೋಗ್ಯ ಸಂಖ್ಯೆ ಅವರಿಬ್ಬರನ್ನೂ ಒಬ್ಬಳನ್ನಾಗಿ ಮಾಡಬಹುದು. ಆದರೆ ದದ್ದಿನ ವಿಷಯವನ್ನು ಯಾರಾದರೂ ಕೇಳಿ ಬರೆದಿದ್ದರೆ ತಾನೆ?

ನಮ್ಮ ಅಕ್ಕನ ಪರ್ಸಿನಲ್ಲಿ ನಾನೊಂದು ಚೀಟಿ ಬರೆದಿಟ್ಟಿದ್ದೇನೆ: ಆಧಾರ್ ಕಾರ್ಡಿನಲ್ಲಿರುವ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು, ಮೈಗೆ ಆಗದ ಔಷಧ. ಭಾವ ಬಾಯಿ ತೆರೆಯುವ ಮೊದಲು ಅದನ್ನು ಕೌಂಟರಿನ ಒಳಗೆ ಚಾಚು ಎಂದಿದ್ದೇನೆ.