ಪೆಟ್ಲಿನಿಂದ ಪಂಪ್ ಗನ್ನಿನವರೆಗೆ: ಬಣ್ಣದ ಗುಂಡಿನ ಕಥೆ

ಪೇಂಟ್‌ಬಾಲ್ ಅನ್ನೋದು ನಮ್ಮ ಹದಡಿಯ ಹುಡುಗರಿಗೂ ಈಗ ಹೊಸ ಪದವೇನಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದವರಲ್ಲಿ ಎಷ್ಟೋ ಜನ ಕಂಪನಿಯ ಟೀಮ್ ಔಟಿಂಗ್‌ನಲ್ಲಿ ಒಮ್ಮೆಯಾದರೂ ಬೆನ್ನಿಗೆ ಬಣ್ಣದ ಏಟು ತಿಂದವರೇ. ಆಮೇಲೆ ಕೆಲವರಿಗೆ ಹುಚ್ಚು ಹಿಡಿಯುತ್ತೆ. "ಕಡಿಮೆ ದುಡ್ಡಲ್ಲಿ ಸ್ವಂತದ್ದೊಂದು ಮಾರ್ಕರ್ ತಗೊಂಡ್ರೆ ಹೇಗೆ?" ಅಂತ ಕೇಳ್ತಾರೆ. ನನ್ನ ಉತ್ತರ ಒಂದೇ: ಪಂಪ್ ತಗೊಳ್ಳಿ. ಯಾಕೆ ಅಂತ ಹೇಳೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಾಳಿ ಒತ್ತಿ ಗುಂಡು ಹಾರಿಸೋದು ನಮಗೇನೂ ಅಮೆರಿಕದವರು ಕಲಿಸಿದ ವಿದ್ಯೆ ಅಲ್ಲ. ಮಲೆನಾಡಿನಲ್ಲಿ, ಶಿರಸಿ-ಸಾಗರದ ಕಡೆ, ಮಕ್ಕಳು ಬಿದಿರಿನ ಪೆಟ್ಲು ಮಾಡ್ತಾರೆ. ಸಣ್ಣ ಬಿದಿರಿನ ಕೊಳವೆ, ಅದರೊಳಗೆ ಸರಿಯಾಗಿ ಕೂರುವ ಒಂದು ಕಡ್ಡಿ, ಮದ್ದಿಗೆ ಜುಮ್ಮನಕಾಯಿ. ಒಂದು ಕಾಯಿಯನ್ನು ತುದಿಯವರೆಗೆ ತಳ್ಳಿ, ಹಿಂದಿನಿಂದ ಇನ್ನೊಂದನ್ನು ಹಾಕಿ ಒತ್ತಿದರೆ ನಡುವಿನ ಗಾಳಿ ಇಕ್ಕಟ್ಟಾಗಿ ಮುಂದಿನ ಕಾಯಿ 'ಟಪ್' ಅಂತ ಹಾರುತ್ತೆ. ಛತ್ತೀಸಗಡದ ಬಸ್ತರಿನಲ್ಲಿ ಗೋಂಚಾ ಹಬ್ಬದ ರಥಯಾತ್ರೆಗೆ ಇದನ್ನೇ 'ತುಪ್ಕಿ' ಅಂತ ಸಿಡಿಸ್ತಾರೆ. ನಮ್ಮ ದಾವಣಗೆರೆಯ ಬಯಲು ಸೀಮೆಯಲ್ಲಿ ಬಿದಿರು ಎಲ್ಲಿಂದ ಬರಬೇಕು? ನಮಗೆ ಕಾಮನ ಹಬ್ಬದ ಪಿಚಕಾರಿಯೇ ಗತಿ. ಬಣ್ಣ ಎರಚೋ ಖುಷಿ ಮಾತ್ರ ಎರಡೂ ಕಡೆ ಒಂದೇ :)

ಇನ್ನು ಪೇಂಟ್‌ಬಾಲ್ ಗನ್ನು ಹುಟ್ಟಿದ್ದು ಆಟಕ್ಕಲ್ಲ, ಕಾಡಿನ ಕೆಲಸಕ್ಕೆ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಕಡಿಯಬೇಕಾದ ಮರಗಳಿಗೆ ಗುರುತು ಹಾಕೋ ಬಣ್ಣ ಮಾರುತ್ತಿತ್ತು. ದೂರದ ಮರಕ್ಕೂ, ಹತ್ತಿರ ಬಿಟ್ಟುಕೊಳ್ಳದ ದನಕ್ಕೂ ಗುರುತು ಹಾಕೋದು ಹೇಗೆ? ಔಷಧಿಯ ಮಾತ್ರೆ ಮಾಡುವ ಜೆಲಟಿನ್ ಕವಚದೊಳಗೆ ಬಣ್ಣ ತುಂಬಿದರು. ಅದನ್ನು ಹಾರಿಸೋಕೆ ಏರ್‌ಗನ್ ತಯಾರಿಸುವ ಡೈಸಿ ಕಂಪನಿಯಿಂದ ೧೯೭೦ರ ದಶಕದ ಆರಂಭದಲ್ಲಿ ಒಂದು ಪಿಸ್ತೂಲು ಮಾಡಿಸಿದರು. ಹೆಸರು 'ನೆಲ್‌ಸ್ಪಾಟ್ ೦೦೭'. ಹನ್ನೆರಡು ಗ್ರಾಂನ ಪುಟ್ಟ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಮೇಲೊಂದು ಗುಂಡಿನ ನಳಿಗೆ. ಪ್ರತಿ ಏಟಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕು, ಗುಂಡು ಜಾರಿ ಬರಲಿ ಅಂತ ಗನ್ನನ್ನು ಓರೆ ಮಾಡಬೇಕು.

೧೯೮೧ರ ಜೂನ್ ೨೭ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಹತ್ತಿರದ ಕಾಡಿನಲ್ಲಿ ಹನ್ನೆರಡು ಜನ ಈ ಪಿಸ್ತೂಲು ಹಿಡಿದು ಮೊದಲ ಆಟ ಆಡಿದರು. ಆಡಿಸಿದವರು ಹೇಯ್ಸ್ ನೋಯೆಲ್, ಚಾರ್ಲ್ಸ್ ಗೇನ್ಸ್ ಮತ್ತು ಬಾಬ್ ಗರ್ನ್‌ಸಿ. ಪೇಟೆಯಲ್ಲಿ ಬದುಕೋದು ಕಲಿತವನು ಕಾಡಲ್ಲೂ ಬದುಕ್ತಾನಾ ಅನ್ನೋ ವಾದ ಬಗೆಹರಿಸೋದು ಉದ್ದೇಶ. ಗೆದ್ದವರು ಯಾರು ಗೊತ್ತಾ? ರಿಚಿ ವೈಟ್ ಅನ್ನೋ ಅರಣ್ಯ ಕೆಲಸದವರು. ಒಂದೇ ಒಂದು ಗುಂಡು ಹಾರಿಸದೆ, ಸದ್ದಿಲ್ಲದೆ ಓಡಾಡಿ ಬಾವುಟಗಳನ್ನೆಲ್ಲ ಕೂಡಿಸಿಕೊಂಡು ಬಂದುಬಿಟ್ಟರು! ಈ ಆಟದ ಮೊದಲ ಪಾಠ ಅಲ್ಲೇ ಇದೆ. ಗನ್ನಿಗಿಂತ ಕಾಲು ಮತ್ತು ತಲೆ ಮುಖ್ಯ.

ಬೋಲ್ಟ್ ಎಳೆಯೋದು ನಿಧಾನ. ಆಟಗಾರರು ಬ್ಯಾರೆಲ್ಲಿನ ಕೆಳಗೆ ಹಿಡಿ ಕೂಡಿಸಿ, ಒಂದು ಸಲ ಹಿಂದೆ-ಮುಂದೆ ಎಳೆದರೆ ಗನ್ ತಯಾರಾಗುವ ಹಾಗೆ ಮಾಡಿಕೊಂಡರು. ಅದೇ ಪಂಪ್. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಪಂಪ್ ಅಂದ್ರೆ ಪೆಟ್ಲಿನ ಹಾಗೆ ಗಾಳಿ ಒತ್ತುತ್ತೆ ಅಂದ್ಕೋತಾರೆ. ಇಲ್ಲ, ಒತ್ತಡ ಸಿಲಿಂಡರಿನದ್ದೇ. ಪಂಪ್ ಮಾಡೋದು ಸುತ್ತಿಗೆಯಂಥ ಭಾಗವನ್ನು ಸ್ಪ್ರಿಂಗಿಗೆ ಎದುರಾಗಿ ಹಿಂದಕ್ಕೆ ಎಳೆದು ನಿಲ್ಲಿಸೋದು, ಒಂದು ಗುಂಡನ್ನು ಬ್ಯಾರೆಲ್ಲಿಗೆ ಕೂಡಿಸೋದು. ಅಷ್ಟೇ.

೧೯೮೦ರ ದಶಕದ ಕೊನೆಗೆ ಸೆಮಿ ಆಟೋಮ್ಯಾಟಿಕ್ ಬಂತು. ಬಡ್ ಆರ್ ಅವರ 'ಸ್ನೈಪರ್' ಅನ್ನೋ ಪಂಪ್ ಗನ್ನಿಗೆ ಗಾಳಿಯೊತ್ತಡದ ಪುಟ್ಟ ಪಿಸ್ಟನ್ ಕೂಡಿಸಿ, ಕೈ ಮಾಡುತ್ತಿದ್ದ ಕೆಲಸವನ್ನು ಅದಕ್ಕೆ ವಹಿಸಿದ್ದೇ ಹೆಸರಾಂತ 'ಆಟೋಕಾಕರ್'. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಹಳೇ ಕೋಡಿನ ಮೇಲೆ ಒಂದು ಸ್ಕ್ರಿಪ್ಟ್ :)

ಹಾಗಾದ್ರೆ ಪಂಪ್ ಸಾಯಬೇಕಿತ್ತಲ್ಲ? ಸಾಯಲಿಲ್ಲ. ಕಾರಣ ದುಡ್ಡು. ಈ ಆಟದಲ್ಲಿ ಜೇಬು ಖಾಲಿ ಮಾಡೋದು ಗನ್ನಿಗಿಂತ ಹೆಚ್ಚಾಗಿ ಗುಂಡು. ಹತ್ತು ಗುಂಡಿನ ನಳಿಗೆಯನ್ನು ಸೆಮಿ ಆಟೋಮ್ಯಾಟಿಕ್ಕಿನವ ಎರಡು ಮೂರು ಸೆಕೆಂಡಿನಲ್ಲಿ ಮುಗಿಸ್ತಾನೆ. ಪಂಪಿನವ ಅದೇ ಹತ್ತರಲ್ಲಿ ಒಂದಿಡೀ ಆಟ ಆಡ್ತಾನೆ, ಪ್ರತಿ ಏಟಿಗೂ ಯೋಚನೆ ಮಾಡ್ತಾನೆ. ಅದಕ್ಕೇ ಹೊಸಬರಿಗೆ ಪಂಪೇ ಒಳ್ಳೆ ಮೇಷ್ಟ್ರು.

ಆರಿಸುವಾಗ ನೋಡಬೇಕಾದ್ದು ಮೂರೇ. ಒಂದು, ವಂಶ. ಪಂಪ್ ಗನ್ನುಗಳಲ್ಲಿ ಎರಡು ದೊಡ್ಡ ಮನೆತನ: ಎಲ್ಲ ಒಂದೇ ಕೊಳವೆಯೊಳಗೆ ಇರುವ ನೆಲ್ಸನ್ ಮಾದರಿ, ಮೇಲೊಂದು ಕೆಳಗೊಂದು ಕೊಳವೆಯ ಶೆರಿಡನ್ ಮಾದರಿ. 'ಫ್ಯಾಂಟಮ್' ಮೊದಲನೆಯದು, 'ಸ್ನೈಪರ್' ಎರಡನೆಯದು. ಎರಡೂ ಗಟ್ಟಿ, ಬಿಡಿಭಾಗ ಯಾವುದಕ್ಕೆ ಸಿಗುತ್ತೋ ಅದನ್ನು ಆರಿಸಿ. ಎರಡು, ಗುಂಡಿನ ಅಳತೆ. ಎಲ್ಲ ಕಡೆ ಸಿಗೋದು .೬೮ ಇಂಚಿನದು, ಅಂದ್ರೆ ಸುಮಾರು ೧೭ ಮಿಲಿಮೀಟರ್. ಬೇರೆ ಅಳತೆಯ ಅಗ್ಗದ ಗನ್ನು ತಗೊಂಡ್ರೆ ಗುಂಡು ಹುಡುಕೋದೇ ಒಂದು ಆಟ ಆಗುತ್ತೆ. ಮೂರು, ಹಳೇದು ತಗೊಂಡ್ರೆ ಗ್ಯಾಸ್ ಹಾಕಿ ಕಿವಿಗೊಟ್ಟು ಕೇಳಿ. 'ಸ್ಸ್' ಅಂದ್ರೆ ಬಹುಪಾಲು ಓ-ರಿಂಗ್ ಸವೆದಿರುತ್ತೆ, ಅದು ಸಣ್ಣ ಖರ್ಚು. ಕೊಳವೆಯ ಒಳಮೈ ಗೀರಿದ್ದರೆ ಮುಟ್ಟಬೇಡಿ. ೧೯೪೧ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಹತ್ತಿರ ನಿಂತು ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಕೈಗೆ ಕೊಡಿ. ಬೆರಳಾಡಿಸಿಯೇ ಹೇಳ್ತಾರೆ.

ವಿದೇಶದಿಂದ ತರಿಸೋ ಯೋಚನೆ ಇದ್ದವರಿಗೆ ಒಂದು ಮಾತು. ಕಸ್ಟಮ್ಸ್ ಪಟ್ಟಿಯಲ್ಲಿ ಗಾಳಿ ಮತ್ತು ಗ್ಯಾಸ್ ಗನ್ನುಗಳು ಬರೋದು ಆಟಿಕೆ ಅಧ್ಯಾಯದಲ್ಲಲ್ಲ, ಆಯುಧಗಳ ೯೩ನೇ ಅಧ್ಯಾಯದಲ್ಲಿ. ಹಣ ಕಟ್ಟುವ ಮುಂಚೆ ಕಸ್ಟಮ್ಸ್‌ನವರನ್ನೂ ಡಿಸಿ ಕಚೇರಿಯ ಶಸ್ತ್ರಾಸ್ತ್ರ ಲೈಸೆನ್ಸ್ ವಿಭಾಗವನ್ನೂ ಕೇಳಿ. ಅಲ್ಲಿಯವರೆಗೆ ಮೈದಾನದವರು ಬಾಡಿಗೆಗೆ ಕೊಡೋ ಗನ್ನಲ್ಲೇ ಹತ್ತು ಗುಂಡು ಎಣಿಸಿಕೊಂಡು ಆಡಿ. ಅದೂ ಪಂಪ್ ಅಭ್ಯಾಸವೇ.

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ್ದು ಮಾತ್ರ ಗನ್ನಲ್ಲ, ಮುಖವಾಡ. ಮೈದಾನಗಳು ಸಾಮಾನ್ಯವಾಗಿ ಒಪ್ಪುವ ವೇಗದ ಮಿತಿ ಸೆಕೆಂಡಿಗೆ ೩೦೦ ಅಡಿ, ಅಂದ್ರೆ ೯೧ ಮೀಟರ್. ಮೂರು ಗ್ರಾಂ ತೂಕದ ಗುಂಡು ಆ ವೇಗದಲ್ಲಿ ಬೆನ್ನಿಗೆ ಬಿದ್ದರೆ ಬಾಸುಂಡೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಯ್ತು. ಬೈಕಿನ ಕನ್ನಡಕ, ವೆಲ್ಡಿಂಗ್ ಗಾಗಲ್ ಯಾವುದೂ ನಡೆಯಲ್ಲ. ಪೇಂಟ್‌ಬಾಲ್‌ಗೆಂದೇ ಇರುವ ಎಎಸ್‌ಟಿಎಂ ಎಫ್‌೧೭೭೬ ಗುರುತು ಇದೆಯಾ ನೋಡಿ. ಬಜೆಟ್ ಎಷ್ಟೇ ಇರಲಿ, ಮೊದಲ ದುಡ್ಡು ಅದಕ್ಕೆ. ಉಳಿದಿದ್ದರಲ್ಲಿ ಪಂಪ್.