ಕಣ್ಣುಬೇನೆಯ ಚರಿತ್ರೆ: ಪೊರೆ, ಉರಿಯೂತ ಮತ್ತು ಜನಪದ ಕಥನ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪರಿಸರದ ಆಡುಮಾತಿನಲ್ಲಿ ‘ಕಣ್ಣುಬೇನೆ’ ಎಂಬುದು ಒಂದು ರೋಗದ ಹೆಸರಲ್ಲ. ಕಣ್ಣು ಕೆಂಪಾಗುವುದು, ನೀರು ಸೋರುವುದು, ಮಂಜು ಕವಿಯುವುದು ಎಲ್ಲವೂ ಅದರಲ್ಲಿ ಅಡಕವಾಗಿವೆ. ನಂದಿಬಟ್ಟಲ ಹೂವಿನ ರಸ, ಎದೆಹಾಲಿನ ಹನಿ, ದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ಇವು ಕನ್ನಡ ನಾಡಿನ ಹಲವೆಡೆ ಕಂಡುಬರುವ ಪರಿಹಾರಗಳು. ಆದರೆ ಹಲವು ರೋಗಗಳಿಗೆ ಒಂದೇ ಹೆಸರಿರುವಾಗ, ಕಾಯಬಹುದಾದ ರೋಗಕ್ಕೂ ಕಾಯಲಾಗದ ರೋಗಕ್ಕೂ ಇರುವ ಅಂತರ ಮರೆಯಾಗುತ್ತದೆ.

ಈ ಭಾಗದ ನೇತ್ರಚಿಕಿತ್ಸೆಯ ಚರಿತ್ರೆಯಲ್ಲಿ, 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರ ಹೆಸರು ಅಗ್ರಗಣ್ಯವಾದುದು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಉಚಿತ ಶಿಬಿರ ಆರಂಭಿಸಿದ ಅವರು, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. 2005ರಲ್ಲಿ ನಿಧನರಾದರು. ಪೊರೆ ನಿಧಾನವಾಗಿ, ನೋವಿಲ್ಲದೆ ಬೆಳೆಯುವುದರಿಂದ ರೋಗಿ ಶಿಬಿರದ ದಿನದವರೆಗೆ ಕಾಯಬಲ್ಲ.

‘ಸಿಂಪಥೆಟಿಕ್ ಆಫ್ತಾಲ್ಮಿಯ’ ಎಂಬ ವಿರಳ ಉರಿಯೂತದ ಸ್ವರೂಪ ಇದಕ್ಕೆ ವಿರುದ್ಧವಾದುದು. ಒಂದು ಕಣ್ಣಿನ ಗುಡ್ಡೆಯನ್ನು ಭೇದಿಸಿದ ಗಾಯ ಅಥವಾ ಶಸ್ತ್ರಚಿಕಿತ್ಸೆಯ ತರುವಾಯ, ದೇಹದ ರೋಗನಿರೋಧಕ ವ್ಯವಸ್ಥೆಯೇ ಎರಡೂ ಕಣ್ಣುಗಳ ಒಳಪದರದ ಮೇಲೆ ಎರಗುತ್ತದೆ. ಗಾಯವಾಗದ ಕಣ್ಣಿನಲ್ಲಿಯೂ ಬೆಳಕು ಸಹಿಸಲಾಗದಿರುವುದು, ನೋವು, ಕೆಂಪು, ಮಸುಕು ಕಾಣಿಸಿಕೊಳ್ಳುತ್ತವೆ. ಬಹುಪಾಲು ಪ್ರಕರಣಗಳು ಗಾಯವಾದ ಒಂದು ವರ್ಷದೊಳಗೆ ಪ್ರಕಟವಾಗುತ್ತವೆಯಾದರೂ ದಶಕಗಳ ನಂತರ ಕಾಣಿಸಿಕೊಂಡುದೂ ಉಂಟು. ಮೂರನೆಯ ವಯಸ್ಸಿನಲ್ಲಿ, 1812ರಲ್ಲಿ, ತಂದೆಯ ಚರ್ಮದ ಕೆಲಸದ ಉಪಕರಣ ತಾಗಿ ಒಂದು ಕಣ್ಣಿಗೆ ಗಾಯಮಾಡಿಕೊಂಡ ಲೂಯಿ ಬ್ರೈಲ್ ಎರಡೂ ಕಣ್ಣು ಕಳೆದುಕೊಂಡದ್ದು ಈ ರೋಗದಿಂದಲೇ ಇರಬೇಕೆಂದು ಭಾವಿಸಲಾಗಿದೆ. ಸ್ಟಿರಾಯ್ಡ್ ಔಷಧಿಗಳು ಬರುವ ಮುನ್ನ ಕುರುಡುತನವೇ ಇದರ ಸಾಮಾನ್ಯ ಪರಿಣಾಮವಾಗಿತ್ತು. ಇಂದು ತಡಮಾಡದೆ ಚಿಕಿತ್ಸೆ ದೊರೆತರೆ ಅನೇಕರ ದೃಷ್ಟಿ ಉಳಿಯುತ್ತದೆ. ವಿಳಂಬವಾದಲ್ಲಿ ಉರಿಯೂತದಿಂದಲೇ ಪೊರೆ ಬೆಳೆದು, ಮೂಲರೋಗ ಅದರ ಹಿಂದೆ ಅಡಗಬಹುದು.

ಈ ರೋಗದ ನಿರ್ಣಯ ಮುಖ್ಯವಾಗಿ ಗಾಯದ ಪೂರ್ವವೃತ್ತಾಂತವನ್ನು ಅವಲಂಬಿಸಿದೆ. ನೇಕಾರಿಕೆ, ಕಬ್ಬಿನ ಬೇಸಾಯಗಳೇ ಜೀವನಾಧಾರವಾದ ಈ ಸೀಮೆಯಲ್ಲಿ ಲಾಳಿ ಬಡಿದ, ಕಬ್ಬಿನ ಸಿಬಿರು ಚುಚ್ಚಿದ ಕಣ್ಣಿನ ಕಥನವನ್ನು ಮುಗಿದುಹೋದ ಸಂಗತಿಯೆಂದು ಭಾವಿಸಲಾಗದು. ‘ಮೊದಲು ಯಾವ ಕಣ್ಣು, ಎಂದು, ಹೇಗೆ ಪೆಟ್ಟಾಯಿತು’ ಎಂಬ ಮನೆಯ ಹಿರಿಯರ ನೆನಪು ಉಳಿದೊಂದು ಕಣ್ಣನ್ನು ಕಾಪಾಡಬಲ್ಲ ಸಾಕ್ಷ್ಯ. ಇಂತಹ ಮೌಖಿಕ ಕಥನಗಳ ಸಂಗ್ರಹ ಜಾನಪದ ಅಧ್ಯಯನಕ್ಕೆ ಎಷ್ಟು ಅಗತ್ಯವೋ ವೈದ್ಯಕ್ಕೂ ಅಷ್ಟೇ ಅಗತ್ಯವಾದುದು.