ಒಂದು ‘ಎಸ್’ ಅಕ್ಷರದ ಹಿಂದಿನ ಚರಿತ್ರೆ

ಆಳಂದದ ಕಡೆಯ ಹುಡುಗನೊಬ್ಬನು ತನ್ನ ನೋಟುಬುಕ್ಕಿನಲ್ಲಿ ‘ಮೈ ಬ್ರದರ್ ಗೋ ಟು ಸ್ಕೂಲ್’ ಎಂದು ಬರೆದನೆನ್ನಿ. ಅದರ ಕೆಳಗೆ, ‘ಅವರ್ ಟೀಚರ್ ಹ್ಯಾವ್ ಕಮ್’ ಎಂದೂ ಬರೆದನೆನ್ನಿ. ಉಪಾಧ್ಯಾಯರ ಕೆಂಪು ಶಾಯಿ ಎರಡು ಸಾಲನ್ನೂ ಹೊಡೆದುಹಾಕುತ್ತದೆ. ಕರ್ತೃವಿಗೆ ತಕ್ಕಂತೆ ಕ್ರಿಯಾಪದವಿರಬೇಕೆಂಬ ಮೊದಲ ಪಾಠವೇ ಇವನಿಗೆ ಬರಲಿಲ್ಲವೆಂದು ತೀರ್ಪಾಗುತ್ತದೆ. ಹುಡುಗನು ತಲೆ ತಗ್ಗಿಸುತ್ತಾನೆ. ಆದರೆ ಆ ತಪ್ಪು ದಡ್ಡತನದಿಂದ ಬಂದದ್ದಲ್ಲ. ಅದಕ್ಕೊಂದು ಚರಿತ್ರೆಯಿದೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಆ ಹುಡುಗನ ಮನೆಮಾತನ್ನು ನೋಡೋಣ. ಕನ್ನಡದಲ್ಲಿ ‘ಬಂದಳು’ ಎಂದರೆ ಸಾಕು. ಬಂದವಳು ಹೆಂಗಸು, ಒಬ್ಬಳು, ಮಾತನಾಡುವವಳೂ ಅಲ್ಲ, ಕೇಳುವವಳೂ ಅಲ್ಲ ಎಂಬುದೆಲ್ಲವೂ ಆ ಒಂದೇ ಪದದಲ್ಲಿ ಅಡಗಿದೆ. ಲಿಂಗ, ವಚನ, ಪುರುಷ ಮೂರನ್ನೂ ಹೊತ್ತು ನಡೆಯುವ ಕ್ರಿಯಾಪದ ನಮ್ಮದು. ಸುಮಾರು 1260ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದ ಆಖ್ಯಾತ ಪ್ರಕರಣದಲ್ಲಿ ಈ ಪ್ರತ್ಯಯಗಳನ್ನು ಲೆಕ್ಕಹಾಕಿ ಜೋಡಿಸಿಟ್ಟನು. ಹೀಗೆ ಎಲ್ಲವನ್ನೂ ಹೇಳಿ ರೂಢಿಯಾದ ನಾಲಿಗೆಗೆ, ಇಂಗ್ಲಿಷಿನ ವರ್ತಮಾನಕಾಲದಲ್ಲಿ ಉಳಿದಿರುವ ಒಂಟಿ ‘ಎಸ್’ ಅಕ್ಷರ ಕಣ್ಣಿಗೆ ಬೀಳದೆ ಹೋದರೆ ಆಶ್ಚರ್ಯವೇನು? ಅದೂ ಎಂಥ ಅಕ್ಷರ! ನಾಮಪದದ ಕೊನೆಗೆ ಬಂದರೆ ಬಹುವಚನ; ಕ್ರಿಯಾಪದದ ಕೊನೆಗೆ ಬಂದರೆ ಏಕವಚನ!

ಮಾತಿನ ತಪ್ಪುಒಪ್ಪುಗಳ ವಿಚಾರ ಈ ಸೀಮೆಗೆ ಹೊಸದಲ್ಲ. ಇದೇ ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ‘ಕವಿರಾಜಮಾರ್ಗ’ ಹುಟ್ಟಿತು. ಕಾವ್ಯದ ಮಾತಿನ ಗುಣದೋಷಗಳನ್ನು ಅಷ್ಟು ಕಟ್ಟುನಿಟ್ಟಾಗಿ ಎಣಿಸುವ ಆ ಗ್ರಂಥವೇ ಇನ್ನೊಂದು ಮಾತನ್ನೂ ಹೇಳುತ್ತದೆ: ಕನ್ನಡಗಳಲ್ಲಿ ದೇಸಿ ಬೇರೆಬೇರೆಯಾದುದರಿಂದ ದೋಷ ಇಷ್ಟೇ ಎಂದು ನಿರ್ಣಯಿಸಹೊರಟರೆ ವಾಸುಕಿಗೂ ಬೇಸರವಾದೀತಂತೆ. ಹನ್ನೊಂದು ಶತಮಾನಗಳ ಹಿಂದಿನ ಈ ಔದಾರ್ಯ ನಮ್ಮ ಕೆಂಪು ಶಾಯಿಗೆ ಇನ್ನೂ ಬಂದಿಲ್ಲ.

ಇನ್ನು ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಗೆ ತಾಗಿದ ತಾಲೂಕುಗಳು. ಜೇವರ್ಗಿ ಭೀಮಾನದಿಯ ಸೀಮೆ. ಇಲ್ಲಿಯ ಸಂತೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ. ಈ ನೆರೆಹೊರೆಯಲ್ಲಿ ವ್ಯಾಕರಣವೂ ಕೈಬದಲಾಗುತ್ತದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದಿಲ್ಲಿಯ ಉರ್ದುವಿನಲ್ಲಿ ‘ಲಡಕೇ ನೇ ರೋಟಿ ಖಾಯೀ’ ಎನ್ನಬೇಕು. ಅಲ್ಲಿ ಕ್ರಿಯಾಪದ ತಿಂದ ಹುಡುಗನ ಮಾತು ಕೇಳುವುದಿಲ್ಲ, ಸ್ತ್ರೀಲಿಂಗದ ರೊಟ್ಟಿಯ ಮಾತು ಕೇಳುತ್ತದೆ. ಮರಾಠಿಯ ‘ರಾಮಾನೇ ಪೋಳಿ ಖಾಲ್ಲೀ’ ಎಂಬುದೂ ಹೀಗೆಯೇ. ಆದರೆ ದಖನಿಯಲ್ಲಿ ಆ ‘ನೇ’ ಸಾಮಾನ್ಯವಾಗಿ ಬಿದ್ದುಹೋಗಿ, ‘ಲಡಕಾ ರೋಟಿ ಖಾಯಾ’ ಎಂದಾಗುತ್ತದೆ. ‘ಹುಡುಗ ರೊಟ್ಟಿ ತಿಂದ’ ಎಂಬ ನಮ್ಮ ಮಾತಿನ ಹಾಗೆ ಅಲ್ಲಿಯೂ ಕ್ರಿಯೆ ಕರ್ತೃವಿನ ಕೈಹಿಡಿಯಿತು. ಸಾಂಗ್ಲಿ ಜಿಲ್ಲೆಯ ಕುಪವಾಡವೆಂಬ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಪರಿಶೀಲಿಸಿದ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು, ಪದಗಳು ಬೇರೆಯಾಗಿಯೇ ಉಳಿದರೂ ವಾಕ್ಯದ ಕಟ್ಟು ಒಂದಾಗುತ್ತ ಬಂದಿರುವುದನ್ನು 1971ರಲ್ಲಿ ತೋರಿಸಿಕೊಟ್ಟರು. ಗಡಿಯ ಜನ ಒಂದು ಭಾಷೆಯ ಕಟ್ಟಿನಲ್ಲಿ ಇನ್ನೊಂದನ್ನು ಆಡುವುದು ನಾಲಿಗೆಯ ಸಹಜ ಧರ್ಮ.

‘ಟೀಚರ್ ಹ್ಯಾವ್ ಕಮ್’ ಎಂಬ ಎರಡನೆಯ ತಪ್ಪಿನ ಗುಟ್ಟೂ ಇಲ್ಲಿಯೇ ಇದೆ. ‘ಗುರುಗಳು ಬಂದಾರ’ ಎಂದು ಆಡಿ ಬೆಳೆದ ಮಗುವಿಗೆ ಗುರುಗಳನ್ನು ಏಕವಚನದ ಕ್ರಿಯಾಪದಕ್ಕೆ ಕಟ್ಟುವುದು ಅವಿನಯವೆಂದು ತೋರಿದರೆ ಅದು ಮನೆಯವರು ಕಲಿಸಿದ ಮರ್ಯಾದೆ. ಇಂಗ್ಲಿಷರೂ ಒಂದು ಕಾಲಕ್ಕೆ ಇದನ್ನೇ ಮಾಡಿದರು. ಅವರ ಏಕವಚನ ‘ದೌ’. ‘ಯೂ’ ಎಂಬುದು ಮೂಲದಲ್ಲಿ ನಮ್ಮ ‘ನೀವು’. ಮರ್ಯಾದೆಗಾಗಿ ಒಬ್ಬನನ್ನೇ ಬಹುವಚನದಲ್ಲಿ ಕರೆಯುತ್ತ ಹೋಗಿ ಕಡೆಗೆ ‘ದೌ’ ಬಳಕೆಯಿಂದಲೇ ಜಾರಿತು. ದೇವರ ಪ್ರಾರ್ಥನೆಯಲ್ಲಿ ಮಾತ್ರ ಬಹುಕಾಲ ಉಳಿಯಿತು. ಜೇವರ್ಗಿಯ ಷಣ್ಮುಖಸ್ವಾಮಿಗಳು ತಮ್ಮ ವಚನಗಳಲ್ಲಿ ಅಖಂಡೇಶ್ವರನನ್ನು ಏಕವಚನದಲ್ಲಿಯೇ ಕರೆದರಲ್ಲವೆ? ಗುರುವಿಗೆ ಬಹುವಚನ, ದೇವರಿಗೆ ಏಕವಚನ ಎಂಬ ನಡೆ ಎರಡು ನಾಡಿಗೂ ಸಮಾನ. ಇಂದಿಗೂ ಒಬ್ಬನೇ ಎದುರಿಗಿದ್ದರೂ ‘ಯೂ ಆರ್’ ಎನ್ನುವುದು ಆ ಹಳೆಯ ಮರ್ಯಾದೆಯ ಗುರುತು. ಹದಿನೆಂಟನೆಯ ಶತಮಾನದಲ್ಲಿ ಓದುಬಲ್ಲ ಇಂಗ್ಲಿಷರೇ ಒಬ್ಬನಿಗೆ ‘ಯೂ ವಾಸ್’ ಎನ್ನುತ್ತಿದ್ದರು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಅದನ್ನು ಖಂಡಿಸಬೇಕಾಯಿತು.

ಆ ಒಂಟಿ ‘ಎಸ್’ ಕೂಡ ಅನಾದಿಯಲ್ಲ. ಹಳೆಯ ಇಂಗ್ಲಿಷಿನ ವರ್ತಮಾನಕಾಲದಲ್ಲಿ ನಾನು, ನೀನು, ಅವನು ಎಂಬುದಕ್ಕೆ ಬೇರೆಬೇರೆ ಪ್ರತ್ಯಯಗಳಿದ್ದವು, ಬಹುವಚನಕ್ಕೂ ಒಂದಿತ್ತು. ಕಾಲಕ್ರಮದಲ್ಲಿ ಅವು ಸವೆದುಹೋದವು. 1611ರ ಬೈಬಲಿನಲ್ಲಿ ‘ಗೋಯೆತ್’, ‘ಹ್ಯಾತ್’ ಎಂಬ ರೂಪಗಳಿವೆ. ಅದೇ ಕಾಲದ ಷೇಕ್ಸ್‌ಪಿಯರನು ಈ ಹಳೆಯ ರೂಪವನ್ನೂ ‘ಎಸ್’ ಇರುವ ರೂಪವನ್ನೂ ಬಳಸಿದನು. ಉತ್ತರ ಇಂಗ್ಲೆಂಡಿನ ಹಳ್ಳಿಗಾಡಿನಿಂದ ದಕ್ಷಿಣಕ್ಕಿಳಿದ ‘ಎಸ್’ ಕೊನೆಗೆ ಗೆದ್ದಿತು. ಅಂದಿನ ದೇಸಿ ಇಂದಿನ ಮಾರ್ಗವಾಯಿತು.

ಈ ಸೀಮೆಯ ಮಕ್ಕಳಿಗೆ ಶಾಲೆಯ ಭಾಷೆ ಪದೇ ಪದೇ ಬದಲಾದುದನ್ನೂ ಮರೆಯಬಾರದು. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ, ಇಂಗ್ಲಿಷು ಕಡ್ಡಾಯ ವಿಷಯ. ಮನೆಯಲ್ಲಿ ಕನ್ನಡ ಆಡುವ ಹುಡುಗ ಇವೆರಡನ್ನೂ ದಾಟಿಯೇ ಮೇಲೇರಬೇಕಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಸೀಮೆ ಕನ್ನಡ ರಾಜ್ಯಕ್ಕೆ ಬಂದಿತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ನೆಲೆಸಿದೆ. ಒಂದು ಕಾಲಕ್ಕೆ ಉರ್ದು ಬಾರದವನು ಹೊಸ್ತಿಲಲ್ಲಿ ನಿಂತನು. ಇಂದು ಇಂಗ್ಲಿಷು ಬಾರದವನು ನಿಲ್ಲುತ್ತಾನೆ. ಬಾಗಿಲು ಊರ ಸಮೀಪಕ್ಕೆ ಬಂದರೂ ಹೊಸ್ತಿಲಿನ ಎತ್ತರ ತಗ್ಗಲಿಲ್ಲ.

ಹಾಗೆಂದು ತಪ್ಪನ್ನು ತಿದ್ದಬಾರದೆ? ಅಗತ್ಯವಾಗಿ ತಿದ್ದಬೇಕು. ಪರೀಕ್ಷೆಗೂ ನೌಕರಿಗೂ ಆ ‘ಎಸ್’ ಬೇಕೇಬೇಕು. ಆದರೆ ತಿದ್ದುವ ಮೊದಲು ಉಪಾಧ್ಯಾಯರು ‘ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ’ ಎಂದು ಕರಿಹಲಗೆಯ ಮೇಲೆ ಬರೆಯಲಿ. ‘ಈ ನಿಯಮ ನಿನಗೆ ಆಗಲೇ ಬರುತ್ತದಪ್ಪ, ನಮ್ಮಲ್ಲಿ ಹತ್ತು ಕಡೆ ಮಾಡುವುದನ್ನು ಅವರು ಒಂದು ಕಡೆ ಮಾಡುತ್ತಾರೆ, ಅಷ್ಟೆ’ ಎನ್ನಲಿ. ತನ್ನ ಮನೆಮಾತೇ ಆ ಪಾಠಕ್ಕೆ ಮೆಟ್ಟಿಲೆಂದು ತಿಳಿದ ಹುಡುಗನು ಮುಂದಿನ ಸಾಲನ್ನು ತಲೆಯೆತ್ತಿ ಬರೆದಾನು.